ಗಾಜಾದಿಂದ 310 ಕಿಲೋಮೀಟರ್ ದೂರದಲ್ಲಿ ಸ್ಕೂಬಾ ಡೈವಿಂಗ್: ಹೋಗಬೇಕಾ, ಬೇಡ್ವಾ?

ಹೋದ ತಿಂಗಳು ನಮ್ಮ ಎಂಜಿನಿಯರಿಂಗ್ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಒಬ್ಬ ಸ್ಕ್ರೀನ್‌ಶಾಟ್ ಹಾಕಿದ. ಈಜಿಪ್ಟಿನ ದಹಾಬ್, ಕೆಂಪು ಸಮುದ್ರದ ದಡ, ಏಳು ರಾತ್ರಿ, ಹತ್ತು ಡೈವ್. ವಿಮಾನದ ಟಿಕೆಟ್ ಬಿಟ್ಟರೆ ಖರ್ಚು ಅಂಡಮಾನಿಗಿಂತ ಕಮ್ಮಿ. "ಫೆಬ್ರವರೀಲಿ ಹೋಗೋಣ ಮಗಾ" ಅಂದ. ಎರಡೇ ನಿಮಿಷಕ್ಕೆ ಇನ್ನೊಬ್ಬನ ಉತ್ತರ: "ಅದು ಗಾಜಾ ಪಕ್ಕ ಅಲ್ವೇನೋ?" ಮೂರನೆಯವನು ಕೇಳಿದ: "ಪಕ್ಕ ಅಂದ್ರೆ ಎಷ್ಟು ಪಕ್ಕ?"

ಆಮೇಲೆ ಎಲ್ಲರೂ ನನ್ನ ಹೆಸರನ್ನು ಟ್ಯಾಗ್ ಮಾಡಿದರು. ಪತ್ರಕರ್ತ ಅಂದ್ರೆ ಗ್ರೂಪಿನ ಸರ್ಚ್ ಎಂಜಿನ್ ಅಂತ ಅರ್ಥ. ನಾಲ್ಕು ಜನ, ಅದರಲ್ಲಿ ಒಬ್ಬನಿಗೆ ಎರಡು ವರ್ಷದ ಮಗಳು. ತಮಾಷೆಯಲ್ಲಿ ಶುರುವಾದ ಪ್ರಶ್ನೆಗೆ ಉತ್ತರ ಹುಡುಕೋಕೆ ನನಗೆ ಎರಡು ವಾರ ಬೇಕಾಯ್ತು. ಉತ್ತರಕ್ಕಿಂತ ಅದನ್ನು ಹುಡುಕಿದ ಕ್ರಮ ನಿಮಗೂ ಉಪಯೋಗಕ್ಕೆ ಬರಬಹುದು ಅನ್ನಿಸಿ ಇದನ್ನು ಬರೀತಿದೀನಿ. ಯಾಕಂದ್ರೆ ಇವತ್ತು ಕಾಶ್ಮೀರ, ಲಡಾಖ್, ಜಾರ್ಜಿಯಾ, ಜೋರ್ಡನ್ ಹೀಗೆ ನಮ್ಮ ತಲೆಮಾರು ಪ್ರವಾಸ ಹೋಗೋ ಅರ್ಧ ಜಾಗಗಳು ಯಾವುದಾದರೊಂದು ಸಂಘರ್ಷದ ಅಂಚಿನಲ್ಲೇ ಇವೆ.

ಮೊದಲು ನಕ್ಷೆ

ಸಿನಾಯ್ ಪರ್ಯಾಯ ದ್ವೀಪ ಕೆಳಮುಖವಾದ ತ್ರಿಕೋನ. ಮೇಲಿನ ಅಂಚಿನಲ್ಲಿ ಮೆಡಿಟರೇನಿಯನ್ ಸಮುದ್ರ ಮತ್ತು ಗಾಜಾದ ರಫಾ ಗಡಿ. ಕೆಳಗಿನ ತುದಿಯಲ್ಲಿ ಶರ್ಮ್ ಅಲ್ ಶೇಖ್. ಅಲ್ಲಿಂದ ಬಲಗಡೆ ಅಕಾಬಾ ಕೊಲ್ಲಿಯ ದಡ ಹಿಡಿದು ಸುಮಾರು 90 ಕಿ.ಮೀ. ಮೇಲೆ ಹೋದರೆ ದಹಾಬ್. ರಫಾದಿಂದ ದಹಾಬಿಗೆ ನೇರ ಗೆರೆ ಎಳೆದರೆ ಸುಮಾರು 310 ಕಿ.ಮೀ. ಬೆಂಗಳೂರಿನಿಂದ ಮಂಗಳೂರಿಗೆ ನೇರ ಗೆರೆ ಎಳೆದರೂ ಹೆಚ್ಚುಕಮ್ಮಿ ಅಷ್ಟೇ. ನಡುವೆ ಇರೋದು ಮರುಭೂಮಿ ಮತ್ತು ಕಲ್ಲುಬೆಟ್ಟ.

ಇಲ್ಲಿ "ಸಂಘರ್ಷ" ಅಂದ್ರೆ ಒಂದಲ್ಲ, ಮೂರು. ಅವನ್ನು ಬೇರೆ ಬೇರೆ ಮಾಡಿ ನೋಡದಿದ್ದರೆ ಲೆಕ್ಕ ತಪ್ಪುತ್ತೆ.

ಒಂದು, ಗಾಜಾ ಯುದ್ಧ. ಅಕ್ಟೋಬರ್ 2025ರಲ್ಲಿ ಕದನ ವಿರಾಮ ಘೋಷಣೆಯಾಯಿತು. ಅದಕ್ಕಾಗಿ ಜಗತ್ತಿನ ನಾಯಕರು ಶೃಂಗಸಭೆ ನಡೆಸಿದ್ದು ಎಲ್ಲಿ ಗೊತ್ತಾ? ಅಕ್ಟೋಬರ್ 13ರಂದು, ಇದೇ ಶರ್ಮ್ ಅಲ್ ಶೇಖ್‌ನಲ್ಲಿ. ಭಾರತದಿಂದ ವಿದೇಶಾಂಗ ಖಾತೆ ರಾಜ್ಯ ಸಚಿವ ಕೀರ್ತಿವರ್ಧನ್ ಸಿಂಗ್ ಹೋಗಿದ್ದರು.

ಎರಡು, ಯೆಮೆನ್‌ನ ಹೌತಿಗಳು ಹಡಗುಗಳ ಮೇಲೆ ನಡೆಸಿದ ದಾಳಿ. ನವೆಂಬರ್ 2023ರಿಂದ "ಕೆಂಪು ಸಮುದ್ರದಲ್ಲಿ ದಾಳಿ" ಅನ್ನೋ ಶೀರ್ಷಿಕೆ ನಾವೆಲ್ಲ ಓದಿದ್ದೇವೆ. ಜುಲೈ 2025ರಲ್ಲೂ ಎರಡು ಸರಕು ಹಡಗುಗಳನ್ನು ಮುಳುಗಿಸಿದರು. ಆದರೆ ಕೆಂಪು ಸಮುದ್ರ 2,000 ಕಿ.ಮೀ.ಗಿಂತ ಉದ್ದ. ದಾಳಿಗಳಲ್ಲಿ ಹೆಚ್ಚಿನವು ನಡೆದದ್ದು ಅದರ ದಕ್ಷಿಣ ತುದಿಯ ಬಾಬ್ ಅಲ್ ಮಂದಬ್ ಸುತ್ತಮುತ್ತ ಮತ್ತು ಏಡನ್ ಕೊಲ್ಲಿಯಲ್ಲಿ. ಅಲ್ಲಿಂದ ಶರ್ಮ್‌ಗೆ 1,900 ಕಿ.ಮೀ.ಗೂ ಹೆಚ್ಚು. ಬೆಂಗಳೂರಿನಿಂದ ದೆಹಲಿಗಿಂತ ದೂರ. ಡೈವಿಂಗ್ ಮಾಡೋರಿಗಿಂತ ಆ ನೀರಿನ ಅಪಾಯ ಅನುಭವಿಸಿದವರು ನಮ್ಮ ನಾವಿಕರು. ಜನವರಿ 2024ರಲ್ಲಿ ಕ್ಷಿಪಣಿ ಬಡಿದು ಹೊತ್ತಿಕೊಂಡ ಮಾರ್ಲಿನ್ ಲುವಾಂಡಾ ಹಡಗಿನಲ್ಲಿ 22 ಭಾರತೀಯರಿದ್ದರು. ನೆರವಿಗೆ ಹೋದದ್ದು ನಮ್ಮ ಐಎನ್‌ಎಸ್ ವಿಶಾಖಪಟ್ಟಣಂ.

ಮೂರು, ಉತ್ತರ ಸಿನಾಯ್‌ನ ಬಂಡಾಯ. 2014ರಲ್ಲಿ ಐಸಿಸ್‌ಗೆ ನಿಷ್ಠೆ ಘೋಷಿಸಿದ ಗುಂಪು ಅಲ್ಲಿ ವರ್ಷಗಟ್ಟಲೆ ರಕ್ತ ಹರಿಸಿತು. ನವೆಂಬರ್ 2017ರಲ್ಲಿ ಅಲ್ ರವ್ದಾ ಮಸೀದಿಯಲ್ಲಿ ಶುಕ್ರವಾರದ ಪ್ರಾರ್ಥನೆಗೆ ಬಂದಿದ್ದ 300ಕ್ಕೂ ಹೆಚ್ಚು ಜನರನ್ನು ಕೊಂದರು. ಈಗ ಆ ಬಂಡಾಯದ ಬಲ ಬಹಳ ಕುಗ್ಗಿದೆ. ಆಡಳಿತದ ಲೆಕ್ಕದಲ್ಲೂ ಉತ್ತರ ಸಿನಾಯ್ ಮತ್ತು ದಕ್ಷಿಣ ಸಿನಾಯ್ ಎರಡು ಬೇರೆ ಪ್ರಾಂತ್ಯಗಳು.

ಇಷ್ಟು ಹೇಳಿದಾಗ ಗ್ರೂಪಿನಲ್ಲಿ ಎರಡು ಥಂಬ್ಸ್‌ಅಪ್ ಬಂತು. "ಹಾಗಾದ್ರೆ ಸೇಫ್, ಬುಕ್ ಮಾಡೋಣ." ಅಲ್ಲೇ ತಡೆಯಬೇಕಾಯ್ತು.

ದೂರ ಅಂದ್ರೆ ಸುರಕ್ಷತೆ ಅಲ್ಲ

ಎಂಜಿನಿಯರ್‌ಗಳಾದ ನಮಗೆ ಒಂದು ಚಟ ಇದೆ. ಅಪಾಯ ಅಂದ್ರೆ ಬೆಂಕಿಯ ಶಾಖದ ಥರ, ದೂರ ಹೋದಷ್ಟೂ ಕಮ್ಮಿ ಆಗುತ್ತೆ ಅಂದುಕೊಳ್ಳೋದು. ಯುದ್ಧದ ಅಪಾಯ ಹಾಗೆ ಹರಡಲ್ಲ. ಅದು ಗುರಿ ಹಿಡಿದು ಬರುತ್ತೆ, ಇಲ್ಲಾ ಗುರಿ ತಪ್ಪಿ ಬೀಳುತ್ತೆ.

ಗುರಿ ತಪ್ಪಿದ್ದಕ್ಕೆ ಉದಾಹರಣೆ: 27 ಅಕ್ಟೋಬರ್ 2023. ತಾಬಾ ಅನ್ನೋ ಗಡಿ ಪಟ್ಟಣದ ಮೇಲೆ ಡ್ರೋನ್ ಬಿದ್ದು ಆರು ಜನ ಗಾಯಗೊಂಡರು. ಅದೇ ದಿನ ನುವೈಬಾ ಹತ್ತಿರ ಇನ್ನೊಂದು ಬಿತ್ತು. ತಾಬಾಕ್ಕೆ ಅಂಟಿಕೊಂಡೇ ಇಸ್ರೇಲಿನ ಐಲಾತ್ ಇದೆ. ಹೌತಿಗಳು ಐಲಾತ್ ಕಡೆ ಹಾರಿಸಿದ್ದು ಅಕಾಬಾ ಕೊಲ್ಲಿಯ ದಿಕ್ಕಿನಲ್ಲೂ ಬರಬಹುದು. ತಾಬಾದಿಂದ ದಹಾಬಿಗೆ ನೇರ ದೂರ ಸುಮಾರು 110 ಕಿ.ಮೀ. ಅಂದ್ರೆ ಗಾಜಾದಿಂದ ಎಷ್ಟು ದೂರ ಅನ್ನೋ ಪ್ರಶ್ನೆಗಿಂತ, ಐಲಾತ್ ಮೇಲೆ ದಾಳಿ ನಡೀತಿದೆಯಾ ಅನ್ನೋ ಪ್ರಶ್ನೆ ಮುಖ್ಯ.

ಗುರಿ ಹಿಡಿದದ್ದಕ್ಕೆ ಉದಾಹರಣೆ ಇನ್ನೂ ಕಹಿ. 2004ರ ಅಕ್ಟೋಬರ್‌ನಲ್ಲಿ ತಾಬಾ ಹೋಟೆಲ್ ಮತ್ತು ಸುತ್ತಲಿನ ಪ್ರವಾಸಿ ಶಿಬಿರಗಳ ಮೇಲೆ ಬಾಂಬ್ ದಾಳಿ, 34 ಸಾವು. 2005ರ ಜುಲೈನಲ್ಲಿ ಶರ್ಮ್‌ನಲ್ಲಿ, ಅಧಿಕೃತ ವರದಿಗಳ ಪ್ರಕಾರ 88 ಸಾವು. 2006ರ ಏಪ್ರಿಲ್‌ನಲ್ಲಿ ನಾವು ಹೋಗಬೇಕು ಅಂದುಕೊಂಡಿರೋ ಇದೇ ದಹಾಬಿನ ಪೇಟೆಯಲ್ಲಿ, 23 ಸಾವು. ಸತ್ತವರಲ್ಲಿ ಹೆಚ್ಚಿನವರು ಈಜಿಪ್ಟಿನವರೇ. 31 ಅಕ್ಟೋಬರ್ 2015ರಂದು ಶರ್ಮ್‌ನಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟ ರಷ್ಯಾದ ವಿಮಾನ ಸಿನಾಯ್ ಮೇಲೆ ಒಡೆದು 224 ಜನ ಸತ್ತರು. ಬಾಂಬ್ ಇಟ್ಟದ್ದು ತಾವೇ ಅಂತ ಐಸಿಸ್ ಹೇಳಿಕೊಂಡಿತು. ಬ್ರಿಟನ್ ನಾಲ್ಕು ವರ್ಷ ಶರ್ಮ್‌ಗೆ ವಿಮಾನ ನಿಲ್ಲಿಸಿತು. ರಷ್ಯಾದ ವಿಮಾನ ಅಲ್ಲಿಗೆ ಮರಳಿದ್ದು 2021ರ ಆಗಸ್ಟ್‌ನಲ್ಲಿ.

ಈ ದಾಳಿಗಳಿಗೆ ಪ್ರವಾಸಿಗಳು "ಆಕಸ್ಮಿಕವಾಗಿ" ಸಿಕ್ಕಿಬೀಳಲಿಲ್ಲ. ಪ್ರವಾಸೋದ್ಯಮವೇ ಗುರಿಯಾಗಿತ್ತು, ಯಾಕಂದ್ರೆ ಸರ್ಕಾರಕ್ಕೆ ನೋಯೋ ಜಾಗ ಅದು. ಇದನ್ನು ನಮಗೆ ವಿವರಿಸಿ ಹೇಳಬೇಕಿಲ್ಲ. ಏಪ್ರಿಲ್ 2025ರ ಪಹಲ್ಗಾಮ್ ದಾಳಿಯಲ್ಲಿ ಸತ್ತ 26 ಜನರಲ್ಲಿ ಶಿವಮೊಗ್ಗದವರೂ ಇದ್ದರು, ಬೆಂಗಳೂರಿನವರೂ ಇದ್ದರು. ಅದಕ್ಕೂ ಮುಂಚಿನ ವರ್ಷ ಲಕ್ಷಾಂತರ ಜನ ಕಾಶ್ಮೀರಕ್ಕೆ ಹೋಗಿ ಸುರಕ್ಷಿತವಾಗಿ ಬಂದಿದ್ದರು. ಸರಾಸರಿ ಲೆಕ್ಕ ಸುಳ್ಳಲ್ಲ. ಆದರೆ ಆ ಲೆಕ್ಕದಲ್ಲಿ, ಯಾರೋ ಕೂತು ಯೋಚಿಸಿ ಪ್ರವಾಸಿಯನ್ನೇ ಆರಿಸಿಕೊಳ್ಳೋ ದಿನ ಕಾಣಿಸಲ್ಲ.

ಹಾಗಂತ ಪರಿಸ್ಥಿತಿ 2005ರ ಹಾಗೇ ಇದೆ ಅಂತಲೂ ಅಲ್ಲ. ಶರ್ಮ್ ಸುತ್ತ ಈಗ 36 ಕಿ.ಮೀ. ಗೋಡೆ ಇದೆ, ರಸ್ತೆಗಳಲ್ಲಿ ಚೆಕ್‌ಪೋಸ್ಟ್‌ಗಳಿವೆ. ದಕ್ಷಿಣ ಸಿನಾಯ್ ಪ್ರವಾಸಿ ಪಟ್ಟಣಗಳ ಮೇಲೆ ಆ ಮಟ್ಟದ ದಾಳಿ ಆಮೇಲೆ ಆಗಿಲ್ಲ. ಆ ಗೋಡೆಯ ಆಚೆ ಬದುಕೋರ ಕಥೆ ಬೇರೆ, ಅದಕ್ಕೆ ಆಮೇಲೆ ಬರ್ತೀನಿ.

ಸರ್ಕಾರದ ಸಲಹೆಯನ್ನು ಇನ್ಶೂರೆನ್ಸ್ ಕಣ್ಣಲ್ಲಿ ಓದಿ

ನಮ್ಮ ವಿದೇಶಾಂಗ ಸಚಿವಾಲಯ ಹೆಚ್ಚಾಗಿ ಬಿಕ್ಕಟ್ಟು ಬಂದಾಗ ಸಲಹೆ ಹೊರಡಿಸುತ್ತೆ. ಬ್ರಿಟನ್, ಅಮೆರಿಕ ಸದಾಕಾಲ ಪ್ರತಿ ದೇಶಕ್ಕೂ ಒಂದು ಪುಟ ಇಟ್ಟಿರುತ್ತವೆ. ಬ್ರಿಟನ್ ಪ್ರಕಾರ ಉತ್ತರ ಸಿನಾಯ್‌ಗೆ ಹೋಗಲೇಬೇಡಿ. ದಕ್ಷಿಣ ಸಿನಾಯ್‌ನಲ್ಲಿ ಸೇಂಟ್ ಕ್ಯಾಥರೀನ್–ನುವೈಬಾ ರಸ್ತೆಯಿಂದ ಮೇಲಿನ ಭಾಗಕ್ಕೆ ಅತ್ಯಗತ್ಯ ಇದ್ದರೆ ಮಾತ್ರ ಹೋಗಿ, ಕರಾವಳಿ ಇದಕ್ಕೆ ಹೊರತು. ಅಮೆರಿಕದ್ದು ಇನ್ನೊಂಥರ: ಉತ್ತರ ಮತ್ತು ಮಧ್ಯ ಸಿನಾಯ್ ಬೇಡ, ಶರ್ಮ್‌ಗೆ ವಿಮಾನದಲ್ಲಿ ಹೋದರೆ ಪರವಾಗಿಲ್ಲ. ಒಂದೇ ನೆಲ, ಇಬ್ಬರ ಗೆರೆ ಬೇರೆ. ಈ ಸಲಹೆಗಳಲ್ಲಿ ಗುಪ್ತಚರ ಮಾಹಿತಿಯ ಜೊತೆ ರಾಜತಾಂತ್ರಿಕ ಲೆಕ್ಕಾಚಾರವೂ ಸೇರಿರುತ್ತೆ, "ನಾವು ಮೊದಲೇ ಹೇಳಿದ್ವಿ" ಅನ್ನೋ ಜಾಣತನವೂ ಇರುತ್ತೆ.

ಹಾಗಾದ್ರೆ ಯಾಕೆ ಓದಬೇಕು? ನಿಮ್ಮ ಟ್ರಾವೆಲ್ ಇನ್ಶೂರೆನ್ಸ್‌ಗೋಸ್ಕರ. ಪಾಲಿಸಿಯ ಮೊದಲ ಪುಟದಲ್ಲಿ ನಗುವ ಕುಟುಂಬದ ಫೋಟೋ ಇರುತ್ತೆ. ಅದನ್ನು ಬಿಟ್ಟು ಸೀದಾ "ಹೊರಗಿಡುವಿಕೆ" ಪುಟಕ್ಕೆ ಹೋಗಿ. ನಾನು ನೋಡಿದ ನಾಲ್ಕು ಪಾಲಿಸಿಗಳಲ್ಲೂ ಯುದ್ಧ ಹೊರಗೆ. ಭಯೋತ್ಪಾದನೆಗೆ ಎರಡರಲ್ಲಿ ಮಾತ್ರ, ಅದೂ ಮಿತಿ ಹಾಕಿ. ಸ್ಕೂಬಾ ಡೈವಿಂಗ್ "ಸಾಹಸ ಕ್ರೀಡೆ" ಅಂತ ಮೂರರಲ್ಲಿ ಹೊರಗೆ. ಅಂದ್ರೆ ನಾವು ಯಾವ ಎರಡು ಕಾರಣಕ್ಕೆ ಹೆದರುತ್ತಿದ್ದೆವೋ, ಆ ಎರಡಕ್ಕೂ ವಿಮೆ ಇಲ್ಲ. ಲಗೇಜ್ ಕಳೆದರೆ ಮಾತ್ರ ದುಡ್ಡು ಗ್ಯಾರಂಟಿ. ಡೈವರ್‌ಗಳಿಗೇ ಅಂತ ಇರೋ ವಿಮೆ ಬೇರೆ ತಗೋಬೇಕು. ಅದು ಡೈವಿಂಗ್ ಅಪಘಾತದ ಚಿಕಿತ್ಸೆ ನೋಡಿಕೊಳ್ಳುತ್ತೆ, ಯುದ್ಧವನ್ನಲ್ಲ.

ಅಪಾಯ ಇರೋದು ದಾರಿಯಲ್ಲಿ

ಎರಡು ವಾರದ ಓದಿನಲ್ಲಿ ನನಗೆ ಹೊಳೆದ ದೊಡ್ಡ ವಿಷಯ ಇದು. ನಾವು ಡೈವ್ ಮಾಡೋ ಜಾಗದ ಬಗ್ಗೆ ತಲೆ ಕೆಡಿಸಿಕೊಂಡಿದ್ದೆವು. ಬೆಂಗಳೂರಿನಿಂದ ಅಲ್ಲಿಗೆ ಹೋಗೋ ದಾರಿ ಯಾರ ತಲೆಯಲ್ಲೂ ಇರಲಿಲ್ಲ.

ಅಗ್ಗದ ಟಿಕೆಟ್‌ಗಳೆಲ್ಲ ದೋಹಾ, ಅಬುಧಾಬಿ, ಕುವೈತ್ ಮೂಲಕ. ಜೂನ್ 2025ರಲ್ಲಿ ಇಸ್ರೇಲ್–ಇರಾನ್ ಯುದ್ಧ ನಡೆದ 12 ದಿನ ಇರಾನ್, ಇರಾಕ್, ಇಸ್ರೇಲ್, ಜೋರ್ಡನ್ ಆಕಾಶ ಮುಚ್ಚಿತ್ತು ಅಥವಾ ಮುಚ್ಚಿ ತೆರೆಯುತ್ತಿತ್ತು. ಜೂನ್ 23ರ ರಾತ್ರಿ ಇರಾನ್ ಕತಾರ್‌ನ ಅಲ್ ಉದೈದ್ ನೆಲೆಗೆ ಕ್ಷಿಪಣಿ ಹಾರಿಸಿದಾಗ ದೋಹಾದ ವಾಯುಮಾರ್ಗ ಕೆಲವು ಗಂಟೆ ಬಂದ್ ಆಯ್ತು, ಸಾವಿರಾರು ಪ್ರಯಾಣಿಕರು ವಿಮಾನ ನಿಲ್ದಾಣದಲ್ಲೇ ಉಳಿದರು. ತಮಾಷೆ ಏನಂದ್ರೆ, ಅದೇ ಹೊತ್ತಿಗೆ ಶರ್ಮ್ ಅಲ್ ಶೇಖ್ ತೆರೆದೇ ಇತ್ತು. ಇಸ್ರೇಲ್‌ನಲ್ಲಿದ್ದ ಭಾರತೀಯರಲ್ಲಿ ಕೆಲವರನ್ನು ಗಡಿ ದಾಟಿಸಿ, ಇದೇ ಶರ್ಮ್‌ನಿಂದ ವಾಯುಪಡೆಯ ಸಿ-17 ವಿಮಾನದಲ್ಲಿ ವಾಪಸ್ ಕರೆತಂದರು. ನಾವು ಅಪಾಯದ ಜಾಗ ಅಂದುಕೊಂಡದ್ದು ಬೇರೆಯವರ ಪಾಲಿಗೆ ಪಾರಾಗುವ ಬಾಗಿಲಾಗಿತ್ತು.

ಇದಕ್ಕೆ ಡೈವಿಂಗ್‌ನದ್ದೇ ಒಂದು ತೊಡಕು ಸೇರಿಕೊಳ್ಳುತ್ತೆ. ನೀರಿನಾಳದಲ್ಲಿ ಒತ್ತಡ ಹೆಚ್ಚು, ಹಾಗಾಗಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತಕ್ಕೆ, ಅಂಗಾಂಶಗಳಿಗೆ ಕರಗಿ ಸೇರುತ್ತೆ. ಮೇಲೆ ಬಂದಮೇಲೆ ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಆ ಮೊದಲೇ ಒತ್ತಡ ಇನ್ನಷ್ಟು ಇಳಿದರೆ, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಮೈಯೊಳಗೆ ಗುಳ್ಳೆ ಏಳುತ್ತೆ. ಕೀಲು ನೋವಿನಿಂದ ಪಾರ್ಶ್ವವಾಯುವರೆಗೆ ಏನು ಬೇಕಾದರೂ ಆಗಬಹುದು. ವಿಮಾನದ ಕ್ಯಾಬಿನ್‌ನಲ್ಲಿ ಒತ್ತಡ ಇರೋದು ಸುಮಾರು 2,000ದಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟೇ. ಅದಕ್ಕೇ ಒಂದು ಡೈವ್ ಆದಮೇಲೆ ಕನಿಷ್ಠ 12 ಗಂಟೆ, ದಿನಾ ಹಲವು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಅಂತ ನಿಯಮ. ಹೆಚ್ಚಿನವರು 24 ಗಂಟೆ ಪಾಲಿಸುತ್ತಾರೆ.

ಈಗ ಯೋಚಿಸಿ. ಮಧ್ಯಾಹ್ನ ಮೂರನೇ ಡೈವ್ ಮುಗಿಸಿ ದಡಕ್ಕೆ ಬರ್ತೀರಿ. ಫೋನ್ ತೆಗೆದರೆ "ಇವತ್ತು ರಾತ್ರಿಯ ವಿಮಾನವೇ ಕೊನೆ, ನಾಳೆಯಿಂದ ಗೊತ್ತಿಲ್ಲ" ಅನ್ನೋ ಸುದ್ದಿ. ಉಳಿದ ಪ್ರವಾಸಿಗಳು ಓಡಬಹುದು. ನೀವು ಓಡಬಾರದು. ಬೆಟ್ಟದ ರಸ್ತೆ ಹಿಡಿದು ಹೋಗೋಣ ಅಂದ್ರೆ ಅದಕ್ಕೂ ಇದೇ ತೊಂದರೆ. ಸೇಂಟ್ ಕ್ಯಾಥರೀನ್ ಮಠ ಇರೋದೇ 1,500 ಮೀಟರ್ ಎತ್ತರದಲ್ಲಿ. ಸಂಘರ್ಷದ ಹತ್ತಿರ ಡೈವ್ ಮಾಡೋರು ಉಳಿದವರಿಗಿಂತ ಯಾವಾಗಲೂ ಒಂದು ದಿನ ಹಿಂದಿರುತ್ತಾರೆ.

ಯುದ್ಧದ ಭಯದಲ್ಲಿ ಕಾಣದೇ ಹೋಗೋದು

ದಹಾಬಿನ ಪ್ರಸಿದ್ಧ ಜಾಗ ಬ್ಲೂ ಹೋಲ್. ದಡದ ಪಕ್ಕದಲ್ಲೇ ಸುಮಾರು 100 ಮೀಟರ್ ಆಳದ ಗುಂಡಿ. ಸುಮಾರು 55 ಮೀಟರ್ ಆಳದಲ್ಲಿ ಕಮಾನಿನಂಥ ದಾರಿ ಇದೆ. ಮನರಂಜನೆಯ ಡೈವಿಂಗ್‌ಗೆ ಮಿತಿ 40 ಮೀಟರ್. ಆ ಕಮಾನನ್ನು ದಾಟಿಬಿಡ್ತೀನಿ ಅಂತ ಇಳಿದವರ ಹೆಸರುಗಳು ಈಗ ದಡದ ಬಂಡೆ ಮೇಲಿನ ಫಲಕಗಳಲ್ಲಿವೆ. ಆ ಸಾವುಗಳಿಗೂ ಗಾಜಾಕ್ಕೂ ಸಂಬಂಧ ಇಲ್ಲ.

ದೋಣಿಗಳ ಕಥೆಯೂ ಅಷ್ಟೇ. ರಾತ್ರಿ ದೋಣಿಯಲ್ಲೇ ಉಳಿಯೋ "ಲಿವ್‌ಅಬೋರ್ಡ್" ಪ್ರವಾಸ ಈಜಿಪ್ಟಿನಲ್ಲಿ ಬಹಳ ಜನಪ್ರಿಯ. ಜೂನ್ 2023ರಲ್ಲಿ ಅಂಥದ್ದೊಂದು ದೋಣಿಗೆ ಬೆಂಕಿ ಬಿದ್ದು ಮೂವರು ಬ್ರಿಟಿಷರು ಸತ್ತರು. ನವೆಂಬರ್ 2024ರಲ್ಲಿ ಮಾರ್ಸಾ ಆಲಂ ಬಳಿ ಸೀ ಸ್ಟೋರಿ ಅನ್ನೋ ದೋಣಿ ಮುಂಜಾವದಲ್ಲಿ ಮಗುಚಿ ಮುಳುಗಿ 11 ಜನ ಸತ್ತರು ಅಥವಾ ಕಾಣೆಯಾದರು. ಇನ್ನು ರಸ್ತೆ. ಅಕ್ಟೋಬರ್ 2025ರ ಆ ಶಾಂತಿ ಸಭೆಗೆ ಎರಡು ದಿನ ಮುಂಚೆ ಕತಾರ್‌ನ ಮೂವರು ಅಧಿಕಾರಿಗಳು ಶರ್ಮ್ ಹತ್ತಿರ ಸತ್ತರು, ಕಾರು ಅಪಘಾತದಲ್ಲಿ. ಯುದ್ಧ ನಿಲ್ಲಿಸೋ ಮಾತುಕತೆಗೆ ಬಂದವರನ್ನು ಕೊಂದದ್ದು ರಸ್ತೆ.

ಕ್ಷಿಪಣಿಯನ್ನು ನಾವು ತಡೆಯೋಕಾಗಲ್ಲ. ಆದರೆ ಯಾವ ದೋಣಿ ಹತ್ತಬೇಕು, ಎಷ್ಟು ಆಳಕ್ಕೆ ಇಳೀಬೇಕು, ರಾತ್ರಿ ಕಾರಲ್ಲಿ ಹೋಗಬೇಕಾ ಅನ್ನೋದು ನಮ್ಮ ಕೈಯಲ್ಲೇ ಇದೆ. ಸುದ್ದಿಯಲ್ಲಿರೋ ಅಪಾಯಕ್ಕೆ ಹೆದರಿ, ಕೈಯಲ್ಲಿರೋ ಅಪಾಯ ಮರೆಯೋದು ಸುಲಭ.

ಹೋಗಬಹುದಾ ಸರಿ, ಹೋಗಬೇಕಾ?

ಇಲ್ಲಿಗೆ ಸುರಕ್ಷತೆಯ ಲೆಕ್ಕ ಹೆಚ್ಚುಕಮ್ಮಿ ಮುಗೀತು. ಆಗ ಮಗಳಿರುವ ಗೆಳೆಯ ಫೋನ್ ಮಾಡಿದ. "ಸೇಫ್ಟಿ ಅಲ್ಲ ಕಣೋ ನನ್ನ ಸಮಸ್ಯೆ. ಎರಡು ವರ್ಷ ಆ ಮಕ್ಕಳ ಫೋಟೋ ಶೇರ್ ಮಾಡಿದೀವಿ. ಈಗ ಅದೇ ಮರುಭೂಮಿಯ ಇನ್ನೊಂದು ತುದೀಲಿ ಮೀನು ನೋಡ್ತಾ ಇರೋದಾ?"

ನಾನು ವಾದ ಮಾಡಿದೆ. ದೂರ ಕಮ್ಮಿಯಾದಷ್ಟೂ ಹೊಣೆ ಜಾಸ್ತಿ ಆಗುತ್ತಾ? ಅದೇ ಎರಡು ವರ್ಷದಲ್ಲಿ ನಾವು ಗೋವಾಕ್ಕೆ ಹೋಗಿಲ್ವಾ? ಆಮೇಲೆ ಜನರ ಹೊಟ್ಟೆಪಾಡಿನ ಮಾತು. 2010ರಲ್ಲಿ ಈಜಿಪ್ಟಿಗೆ 1.47 ಕೋಟಿ ಪ್ರವಾಸಿಗಳು ಬಂದಿದ್ದರು. ರಷ್ಯಾ ವಿಮಾನದ ಘಟನೆಯ ಮರುವರ್ಷ, 2016ರಲ್ಲಿ ಅದು 54 ಲಕ್ಷದ ಆಸುಪಾಸಿಗೆ ಕುಸಿಯಿತು. ಹೌತಿ ದಾಳಿಯಿಂದ ಸೂಯೆಜ್ ಕಾಲುವೆಯ ಆದಾಯ 2023ರ ಸುಮಾರು 1,000 ಕೋಟಿ ಡಾಲರ್‌ನಿಂದ 2024ರಲ್ಲಿ ಸುಮಾರು 400 ಕೋಟಿಗೆ ಇಳೀತು. ಈ ಯುದ್ಧದಲ್ಲಿ ದಹಾಬಿನ ಟ್ಯಾಂಕ್ ತುಂಬೋ ಹುಡುಗನದ್ದು ಏನೂ ಪಾತ್ರ ಇಲ್ಲ, ಆದರೆ ನಾವು ಹೋಗದಿದ್ದರೆ ಕೆಲಸ ಹೋಗೋದು ಅವನದ್ದೇ. ಪಹಲ್ಗಾಮ್ ನಂತರ ಕುದುರೆಯವರು, ಶಿಕಾರದವರು ಅನುಭವಿಸಿದ್ದು ಇದನ್ನೇ.

ವಾದ ಚೆನ್ನಾಗಿತ್ತು. ಆದರೆ ಪೂರ್ತಿ ಅಲ್ಲ, ಮತ್ತು ಅದು ನನಗೂ ಗೊತ್ತಿತ್ತು. ನಮ್ಮ ದುಡ್ಡು ಆ ಹುಡುಗನಿಗೆ ಮಾತ್ರ ಹೋಗಲ್ಲ. ಗೋಡೆ ಕಟ್ಟಿ ಪ್ರವಾಸಿಗಳನ್ನು ಕಾಪಾಡೋ ಇದೇ ಸರ್ಕಾರ, 2004ರ ದಾಳಿಯ ನಂತರ ಉತ್ತರ ಸಿನಾಯ್‌ನಲ್ಲಿ ಸಾವಿರಾರು ಜನರನ್ನು ಹಿಡಿದು ಜೈಲಿಗೆ ಹಾಕಿತು. ಸಿನಾಯ್‌ನ ಬೆದೂಯಿನ್ ಬುಡಕಟ್ಟುಗಳ ಹಳೇ ದೂರು ಒಂದೇ: ನೆಲ ನಮ್ಮದು, ಹೋಟೆಲ್ ಕೈರೋದವರದ್ದು. 2012ರಲ್ಲಿ ಜೈಲಿನಲ್ಲಿದ್ದ ತಮ್ಮವರ ಬಿಡುಗಡೆಗಾಗಿ ಕೆಲವರು ಪ್ರವಾಸಿಗಳನ್ನು ಅಪಹರಿಸಿ, ಆಮೇಲೆ ಏನೂ ಮಾಡದೆ ಬಿಟ್ಟದ್ದೂ ಇದೆ. 2022ರಲ್ಲಿ ಇದೇ ಶರ್ಮ್‌ನಲ್ಲಿ ಹವಾಮಾನ ಸಮ್ಮೇಳನ ನಡೀವಾಗ ಹೋರಾಟಗಾರ ಅಲಾ ಅಬ್ದುಲ್ ಫತ್ತಾ ಜೈಲಿನಲ್ಲಿ ಉಪವಾಸವಿದ್ದರು. ಅವರು ಬಿಡುಗಡೆಯಾದದ್ದು ಸೆಪ್ಟೆಂಬರ್ 2025ರಲ್ಲಿ. ಗಾಜಾದಿಂದ ಈಜಿಪ್ಟಿಗೆ ದಾಟಿದವರು ಸುಮಾರು ಒಂದು ಲಕ್ಷ ಅನ್ನೋದು ಪ್ಯಾಲೆಸ್ತೀನ್ ರಾಯಭಾರ ಕಚೇರಿಯ ಅಂದಾಜು. ಸಿನಾಯ್ ದಾಟೋಕೆ ನಮಗೆ ಬೇಕಾಗಿರೋದು ಟಿಕೆಟ್. ಅವರು ಆ ದಾರಿಗೆ ಕೊಟ್ಟ ಬೆಲೆ ಬೇರೆ.

ಈ ನೀರಿಗೆ ಯುದ್ಧ ಹೊಸದೂ ಅಲ್ಲ. ಇಲ್ಲಿನ ಅತಿ ಪ್ರಸಿದ್ಧ ಡೈವ್ ತಾಣಗಳಲ್ಲಿ ಒಂದು ಥಿಸಲ್‌ಗಾರ್ಮ್. 6 ಅಕ್ಟೋಬರ್ 1941ರಂದು ಜರ್ಮನ್ ಬಾಂಬರ್‌ಗಳು ಮುಳುಗಿಸಿದ ಬ್ರಿಟಿಷ್ ಹಡಗು. ಒಳಗೆ ಮೋಟಾರ್‌ಬೈಕು, ಲಾರಿ, ರೈಫಲ್‌ಗಳು ಇವತ್ತಿಗೂ ಇವೆ. ಒಂಬತ್ತು ಜನ ಸತ್ತಿದ್ದರು. ಈಗ ಅಲ್ಲಿ ದಿನಾ ಸೆಲ್ಫಿ. 1967ರ ಯುದ್ಧಕ್ಕೆ ಕಿಡಿ ಹೊತ್ತಿಸಿದ ತಿರಾನ್ ಜಲಸಂಧಿಯೂ ಇಂದು ಹವಳದ ದಿಬ್ಬಗಳಿಗೆ ಹೆಸರುವಾಸಿ. ಸಾಕಷ್ಟು ವರ್ಷ ಕಳೆದರೆ ಯಾವ ಯುದ್ಧವೂ ಪ್ರವಾಸಿ ತಾಣವಾಗಬಹುದು. ಎಷ್ಟು ವರ್ಷ ಕಳೆಯಬೇಕು ಅನ್ನೋದೇ ನನ್ನ ಗೆಳೆಯನ ಪ್ರಶ್ನೆ.

ನಾವು ತೀರ್ಮಾನಿಸಿದ್ದು

ಮೂವರು ಹೋಗ್ತಿದೀವಿ. ಒಬ್ಬ ಬರ್ತಿಲ್ಲ. ಅವನ ಮನಸ್ಸು ಬದಲಾಯಿಸೋ ಪ್ರಯತ್ನ ನಾನು ನಿಲ್ಲಿಸಿದೆ, ಯಾಕಂದ್ರೆ ಅವನು ತಪ್ಪು ಅಂತ ನನಗೇ ಅನ್ನಿಸಲಿಲ್ಲ.

ಹೋಗೋರು ಕೆಲವು ಷರತ್ತು ಹಾಕಿಕೊಂಡಿದೀವಿ. ಕೊಲ್ಲಿ ದೇಶಗಳ ಮೂಲಕ ಬೇಡ, ದುಡ್ಡು ಜಾಸ್ತಿಯಾದರೂ ಮುಂಬೈ–ಕೈರೋ ನೇರ ವಿಮಾನ. ಕೈರೋದಿಂದ ಶರ್ಮ್‌ಗೂ ವಿಮಾನ, ಮರುಭೂಮಿ ರಸ್ತೆ ಬೇಡ. ಶರ್ಮ್‌ನಿಂದ ದಹಾಬಿಗೆ ಹಗಲಲ್ಲೇ ಕಾರು. ಲಿವ್‌ಅಬೋರ್ಡ್ ಬೇಡ, ದಹಾಬಿನಲ್ಲಿ ದಡದಿಂದಲೇ ನೀರಿಗೆ ಇಳೀಬಹುದು. ಬ್ಲೂ ಹೋಲ್‌ನಲ್ಲಿ 30 ಮೀಟರ್ ದಾಟಲ್ಲ. ವಾಪಸ್ ವಿಮಾನಕ್ಕೆ ಮುಂಚೆ ಒಂದಿಡೀ ದಿನ ಡೈವ್ ಇಲ್ಲ. ಬೆದೂಯಿನ್ ಕುಟುಂಬ ನಡೆಸೋ ಜಾಗದಲ್ಲಿ ವಾಸ್ತವ್ಯ. ತಾಬಾ, ನುವೈಬಾ ಕಡೆ ಸುತ್ತಾಟ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಷರತ್ತು: ಯಾವಾಗ ರದ್ದು ಮಾಡಬೇಕು ಅನ್ನೋದನ್ನು ಈಗಲೇ, ತಲೆ ತಣ್ಣಗಿರುವಾಗಲೇ ಬರೆದಿಟ್ಟಿದೀವಿ. ಐಲಾತ್ ಮೇಲೆ ಮತ್ತೆ ದಾಳಿ ಶುರುವಾದರೆ ರದ್ದು. ಇಸ್ರೇಲ್–ಇರಾನ್ ಮತ್ತೆ ಹೊಡೆದಾಡಿದರೆ ರದ್ದು. ದಕ್ಷಿಣ ಸಿನಾಯ್‌ನಲ್ಲಿ ಒಂದೇ ಒಂದು ದಾಳಿಯಾದರೂ ರದ್ದು. ಟಿಕೆಟ್ ದುಡ್ಡು ಹೋದರೆ ಹೋಗಲಿ. ಹಾಗೆ ಬರೆದಿಡದಿದ್ದರೆ, ದುಡ್ಡು ಕೊಟ್ಟಾಯ್ತು ಅನ್ನೋ ಒಂದೇ ಕಾರಣಕ್ಕೆ ನಮ್ಮ ಬುದ್ಧಿ ಕೊನೆಯ ವಾರದಲ್ಲಿ "ಏನಾಗಲ್ಲ ಬಿಡು" ಅನ್ನೋಕೆ ಶುರು ಮಾಡುತ್ತೆ.

ಅಮ್ಮನಿಗೆ ಹೇಳಿದಾಗ ಅವಳು ನಕ್ಷೆ ಕೇಳಲಿಲ್ಲ, ದೂರ ಕೇಳಲಿಲ್ಲ. "ಅಲ್ಲಿರೋ ಜನ ಹೇಗಿದಾರಂತೆ ಈಗ?" ಅಂದಳು. ಎರಡು ವಾರ ಓದಿದವನ ಹತ್ತಿರ ಅದಕ್ಕೆ ಸರಿಯಾದ ಉತ್ತರ ಇರಲಿಲ್ಲ. ಹೋಗಿ ಬಂದಮೇಲೆ, ಹವಳದ ಬಗ್ಗೆ ಬರೆಯೋ ಮುಂಚೆ, ಅದರ ಬಗ್ಗೆ ಬರೀಬೇಕು ಅಂತಿದೀನಿ.